ಹಂಪಿ ಎರಡು ದಿನ: ಬಿಸಿಲು ಏರುವ ಮುಂಚೆ ಹೊರಟರೆ ದುಡ್ಡೂ ಉಳಿಯುತ್ತದೆ

ಮೊದಲ ಸಲ ನಾವು ನಾಲ್ವರು, ಎರಡು ಮಕ್ಕಳ ಸಮೇತ, ಹಂಪಿಗೆ ಹೋಗಿ ಬಂದ ಮೇಲೆ ಲೆಕ್ಕ ಹಾಕಿದೆವು. ರೈಲಿಗಿಂತ ಜಾಸ್ತಿ ಖರ್ಚಾಗಿದ್ದು ಆಟೊ, ಎಳನೀರು, ಜ್ಯೂಸು, ನೀರಿನ ಬಾಟಲಿಗೆ. ಮಟಮಟ ಮಧ್ಯಾಹ್ನ ಬಂಡೆಗಳ ನಡುವೆ ನಿಂತಿರುವಾಗ ಮಕ್ಕಳು ಅಳೋಕೆ ಶುರು ಮಾಡಿದರೆ ಯಾರಾದರೂ ಚೌಕಾಸಿ ಮಾಡ್ತಾರಾ? ಕೇಳಿದಷ್ಟು ಕೊಟ್ಟೆವು. ಎರಡನೇ ಸಲ ಬಿಸಿಲು ನೋಡಿಕೊಂಡು ದಿನ ಹಂಚಿಕೊಂಡೆವು, ಅಷ್ಟೇ. ಬೆಂಗಳೂರಿನಿಂದ ಹೊರಡುವವರಿಗೆ ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ರೈಲು. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಹೊಸಪೇಟೆ ಮುಟ್ಟುತ್ತದೆ, ಒಂದು ರಾತ್ರಿಯ ರೂಮಿನ ಬಾಡಿಗೆ ಅಲ್ಲೇ ಉಳಿಯಿತು. ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ಹಳೆಯ 120 ದಿನದ ನಿಯಮ 2024ರ ನವೆಂಬರ್‌ಗೇ ಹೋಯಿತು. ಮಕ್ಕಳಿದ್ದರೆ ಇದನ್ನು ಗಮನಿಸಿ: 5 ವರ್ಷದೊಳಗಿನ ಮಗುವಿಗೆ ಬರ್ತ್ ಬೇಡವಾದರೆ ಟಿಕೆಟ್ಟೇ ಬೇಕಿಲ್ಲ. 5ರಿಂದ 12ರೊಳಗಿನವರಿಗೆ ಬರ್ತ್ ಬೇಡ ಅಂದರೆ ಅರ್ಧ ಚಾರ್ಜು, ಬೇಕು ಅಂದರೆ ದೊಡ್ಡವರಷ್ಟೇ. ನಮ್ಮ ಆರು ವರ್ಷದವನು ಅಮ್ಮನ ಪಕ್ಕ ಮಲಗಿಕೊಂಡ. ಅವಳಿಗೆ ನಿದ್ದೆ ಬರಲಿಲ್ಲ, ಅದು ಬೇರೆ ವಿಷಯ.

ಶುಕ್ರವಾರ ರಾತ್ರಿ ಹೋಗಿ ಭಾನುವಾರ ರಾತ್ರಿ ವಾಪಸ್ ಅನ್ನುವುದು ಅರ್ಧ ಬೆಂಗಳೂರಿನ ಪ್ಲಾನು. ಆಗುವುದಾದರೆ ಭಾನುವಾರ ರಾತ್ರಿ ಹೊರಟು ಸೋಮವಾರ, ಮಂಗಳವಾರ ನೋಡಿ. ಬರ್ತ್ ಸಿಗುವುದೂ ಸುಲಭ, ರೂಮಿನ ಬಾಡಿಗೆಯೂ ಇಳಿದಿರುತ್ತದೆ. ಹಂಪಿ ಉತ್ಸವದ ದಿನಗಳಲ್ಲಂತೂ ಉಳಿತಾಯದ ಮಾತೇ ಬೇಡ.

ರೂಮು ಹೊಸಪೇಟೆಯಲ್ಲೇ ಮಾಡಿ. ಹಂಪಿ ಅಲ್ಲಿಂದ ಹದಿಮೂರು ಕಿಲೋಮೀಟರ್ ಅಷ್ಟೇ, ಸರ್ಕಾರಿ ಬಸ್ಸುಗಳು ಓಡಾಡುತ್ತಲೇ ಇರುತ್ತವೆ. ಲಾಡ್ಜಿಗೆ ಫೋನ್ ಮಾಡಿದಾಗ ಬಾಡಿಗೆಗಿಂತ ಮುಂಚೆ 24 ಗಂಟೆ ಚೆಕ್‌ಔಟ್ ಇದೆಯಾ ಅಂತ ಕೇಳಿ. ಇದ್ದರೆ ಬೆಳಿಗ್ಗೆ ರೈಲಿಳಿದವರು ಸೀದಾ ಹೋಗಿ ಸ್ನಾನ ಮಾಡಬಹುದು. ಇಲ್ಲದಿದ್ದರೆ ಮಧ್ಯಾಹ್ನದವರೆಗೆ ಬ್ಯಾಗ್ ಹೊತ್ತು ಅಲೆಯಬೇಕು, ಅಥವಾ ಅದಕ್ಕೂ ದುಡ್ಡು ಕೊಡಬೇಕು.

ಬಸ್ಸಲ್ಲಿ ಹೆಂಗಸರಿಗೆ ಶಕ್ತಿ ಯೋಜನೆ ಇದ್ದೇ ಇದೆ, 2023ರ ಜೂನ್ 11ರಿಂದ. ಕರ್ನಾಟಕದ ವಿಳಾಸ ಇರುವ ಆಧಾರ್ ತೋರಿಸಿ, ಫ್ರೀ ಟಿಕೆಟ್ ಕೇಳಿ ತೆಗೆದುಕೊಳ್ಳಿ. ಬೆಂಗಳೂರಿನಿಂದಲೇ ಕೆಂಪು ಬಸ್ಸಲ್ಲಿ ಫ್ರೀಯಾಗಿ ಹೋಗಬಹುದಲ್ವಾ ಅಂತ ನಮ್ಮ ಅತ್ತೆ ಕೇಳಿದರು. ಹೋಗಬಹುದು. ಆದರೆ ಸುಮಾರು 340 ಕಿಲೋಮೀಟರ್ ಕೂತುಕೊಂಡೇ ಹೋಗಿ ಇಳಿದವರಿಗೆ ಮರುದಿನ ಎರಡು ಹೆಜ್ಜೆಗೂ ಆಟೊ ಬೇಕಾಗುತ್ತದೆ. ಆ ಉಳಿತಾಯ ನನಗೆ ಬೇಡ.

ಈಗ ಟಿಕೆಟ್ಟಿನ ವಿಷಯ. ಹಂಪಿಯಲ್ಲಿ ಮುಕ್ಕಾಲು ಪಾಲು ಜಾಗಕ್ಕೆ ಟಿಕೆಟ್ಟೇ ಇಲ್ಲ. ವಿಜಯ ವಿಠ್ಠಲ ದೇವಸ್ಥಾನ, ಕಮಲ ಮಹಲ್ ಇರುವ ರಾಣಿವಾಸದ ಆವರಣ, ಕಮಲಾಪುರದ ಮ್ಯೂಸಿಯಂ, ಈ ಮೂರಕ್ಕೂ ಸೇರಿ ಒಂದೇ ಟಿಕೆಟ್ಟು, 40 ರೂಪಾಯಿ. 15 ವರ್ಷದೊಳಗಿನವರಿಗೆ ಅದೂ ಇಲ್ಲ. ಆದರೆ ಅದು ಆ ದಿನಕ್ಕೆ ಮಾತ್ರ. ನಾವು ಮೊದಲ ಸಲ ವಿಠ್ಠಲ ನೋಡಿ ಟಿಕೆಟ್ ಎಸೆದು, ಮರುದಿನ ಕಮಲ ಮಹಲಿಗೆ ಮತ್ತೆ ಕೊಂಡೆವು. ಇಬ್ಬರಿಗೆ 80 ರೂಪಾಯಿ, ದೊಡ್ಡ ಮೊತ್ತವೇನಲ್ಲ, ಆದರೂ ಹೊಟ್ಟೆ ಉರಿಯಿತು.

ಹಾಗಾಗಿ ಈ ಮೂರನ್ನೂ ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಬಸ್ ಹಿಡಿದು ಹಂಪಿಯಲ್ಲಿ ಇಳಿದು, ಹೊಳೆಯ ದಂಡೆಯ ದಾರಿಯಲ್ಲಿ ನಡೆದೇ ಹೋಗಿ. ಕೋದಂಡರಾಮ, ಅಚ್ಯುತರಾಯ ದೇವಸ್ಥಾನಗಳು, ರಾಜರ ತುಲಾಭಾರದ ಕಂಬ ಎಲ್ಲ ದಾರಿಯಲ್ಲೇ ಸಿಗುತ್ತವೆ, ಎರಡು ಕಿಲೋಮೀಟರ್ ಸುಮಾರಿಗೆ ವಿಠ್ಠಲನ ಬಾಗಿಲು. ಆಟೊದಲ್ಲಿ ಬಂದರೆ ಸುತ್ತುಹಾದಿ, ಅದೂ ಒಂದು ಕಿಲೋಮೀಟರ್ ದೂರದಲ್ಲೇ ಇಳಿಸಿ, ಅಲ್ಲಿಂದ ಬ್ಯಾಟರಿ ಗಾಡಿ. 50 ರೂಪಾಯಿ ನೋಟಿನ ಹಿಂದಿರುವ ಕಲ್ಲಿನ ರಥ ಇದೇ ಅಂತ ಮಕ್ಕಳಿಗೆ ನೋಟು ತೆಗೆದು ತೋರಿಸಿ, ಮತ್ತೆ ಜೇಬಿಗೆ ಹಾಕಿಕೊಳ್ಳಿ.

ಆಟೊ ಬೇಕಾಗುವುದು ಇಲ್ಲಿಂದ ಮುಂದೆ, ಅರ್ಧ ದಿನಕ್ಕೆ ಮಾತ್ರ. ಇಡೀ ದಿನಕ್ಕೆ ಮಾತಾಡಿದರೆ ನೀವು ನಡೆಯುವ ಹೊತ್ತಲ್ಲಿ ಅವರು ಸುಮ್ನೆ ಕಾಯುತ್ತಾರೆ, ಅದಕ್ಕೂ ನೀವೇ ಕೊಡುತ್ತೀರಿ. ಹಿಂದಿನ ಸಂಜೆಯೇ ಮಾತಾಡಿ, ಹತ್ತೂವರೆಗೆ ಬ್ಯಾಟರಿ ಗಾಡಿ ನಿಲ್ಲುವ ಕಡೆ ಬರಲು ಹೇಳಿ. ಜಾಗಗಳ ಹೆಸರು ಹೇಳಿಯೇ ರೇಟು ಕೇಳಿ: ಮ್ಯೂಸಿಯಂ, ರಾಣಿ ಸ್ನಾನಗೃಹ, ಮಹಾನವಮಿ ದಿಬ್ಬ, ಹಜಾರರಾಮ, ಕಮಲ ಮಹಲ್, ಕೊನೆಗೆ ಕಮಲಾಪುರದ ಬಸ್ ಸ್ಟಾಪು. ಬಿಸಿಲು ಜೋರಾದ ಹೊತ್ತಿಗೆ ಮ್ಯೂಸಿಯಂ ಒಳಗಿರುವ ಹಾಗೆ ನೋಡಿಕೊಳ್ಳಿ. ಶುಕ್ರವಾರ ಅದಕ್ಕೆ ರಜ.

ಊಟಕ್ಕೆ ನಾನು ಉಳಿತಾಯ ಮಾಡಲು ಹೋಗುವುದಿಲ್ಲ, ಅಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಬೆಳಿಗ್ಗೆ ಹೊಸಪೇಟೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ, ರಾತ್ರಿ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮಧ್ಯಾಹ್ನಕ್ಕೆ ಮಾತ್ರ ಏನಾದರೂ ಕಟ್ಟಿಸಿಕೊಂಡು ಹೋಗಿ. ತಲೆಗೊಂದು ಲೀಟರಿನಂತೆ ನೀರು ಮನೆಯ ಬಾಟಲಿಯಲ್ಲೇ ತುಂಬಿಕೊಳ್ಳಿ.

ಮೊದಲ ದಿನ ಏನು ಮಾಡುವುದು ಅಂತ ಹೇಳಲೇ ಇಲ್ಲ ನೋಡಿ. ಬೆಳಿಗ್ಗೆ ವಿರೂಪಾಕ್ಷ ದೇವಸ್ಥಾನ, ಮಧ್ಯಾಹ್ನ ರೂಮಿಗೆ ವಾಪಸ್ ಬಂದು ನಿದ್ದೆ, ಸಂಜೆ ಮತ್ತೆ ಬಸ್ ಹತ್ತಿ ಹೇಮಕೂಟ ಬೆಟ್ಟ. ಸೂರ್ಯ ಮುಳುಗುವುದನ್ನು ನೋಡಲು ದುಡ್ಡಿಲ್ಲ. ಆದರೆ ಹೊಸಪೇಟೆಗೆ ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ಬರುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಆಮೇಲೆ ಆಟೊದವರು ಹೇಳಿದ್ದೇ ರೇಟು.