ಹಳ್ಳಿಯಲ್ಲಿ ಮನೆ ಕಟ್ಟುವ ಅನುಮತಿಗೆ ಅರ್ಜಿ ಹಾಕುವ ಮುಂಚೆ ಜಾಗ ನೋಡುವುದು ಹೇಗೆ

ನಕ್ಷೆ ಬರೆಸಲು ಓಡಬೇಡಿ. ಮೊದಲು ಜೋರು ಮಳೆ ಬಂದ ಮರುದಿನ ಜಾಗಕ್ಕೆ ಹೋಗಿ ನಿಲ್ಲಿ. ಬೇಸಿಗೆಯಲ್ಲಿ ಎಲ್ಲ ಜಾಗವೂ ಚೆನ್ನಾಗೇ ಕಾಣುತ್ತದೆ, ಅಲ್ವಾ? ನೀರು ಎಲ್ಲಿ ನಿಲ್ಲುತ್ತದೆ, ಮೇಲಿನ ಹೊಲದಿಂದ ಯಾವ ಕಡೆ ಹರಿದು ಬರುತ್ತದೆ ನೋಡಿ. ಜೊಂಡು ಬೆಳೆದಿದ್ದರೆ ನೆಲ ಸದಾ ಒದ್ದೆ ಅಂತಲೇ ಲೆಕ್ಕ.

ಒಳಚರಂಡಿ ಇಲ್ಲದ ಕಡೆ ಶೌಚದ ನೀರು ಮಣ್ಣಿಗೇ ಇಂಗಬೇಕು, ಹಾಗಾಗಿ ಮಣ್ಣು ನೀರು ಹೀರುತ್ತದಾ ಅನ್ನುವುದೇ ದೊಡ್ಡ ಪ್ರಶ್ನೆ. ಸುಮಾರು 30 ಸೆಂ.ಮೀ. ಅಗಲದ ಗುಂಡಿ ತೋಡಿ, ನೀರು ತುಂಬಿಸಿ, ರಾತ್ರಿಯಿಡೀ ಇಂಗಲು ಬಿಟ್ಟು, ಮರುದಿನ ಮತ್ತೆ ತುಂಬಿಸಿ ಎಷ್ಟು ಹೊತ್ತಿಗೆ ಎಷ್ಟು ಇಳಿಯಿತು ಅಂತ ಗಡಿಯಾರ ನೋಡಿ ಬರೆದುಕೊಳ್ಳಿ. ತೀರಾ ನಿಧಾನವಾದರೆ ಶೌಚದ ನೀರು ಮೇಲೆ ಉಕ್ಕುತ್ತದೆ. ತೀರಾ ಬೇಗ ಇಳಿದರೂ ಖುಷಿಪಡಬೇಡಿ, ಕೊಳಕು ಸರಿಯಾಗಿ ಸೋಸದೆ ಅಂತರ್ಜಲ ಸೇರುತ್ತದೆ. ಹತ್ತಿರದ ಬಾವಿಗೆ ಎಷ್ಟು ದೂರ ಅಂತಲೂ ಅಳೆಯಿರಿ.

ದಾರಿ ಕಣ್ಣಿಗೆ ಕಂಡರೆ ಸಾಲದು, ಓಡಾಡುವ ಹಕ್ಕು ದಾಖಲೆಯಲ್ಲಿ ಇರಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ಗೇಟ್ ಬರುವ ಕಡೆ ನಿಂತರೆ ರಸ್ತೆ ಎರಡೂ ಬದಿಗೆ ಕಾಣಬೇಕು. ತಲೆ ಮೇಲೆ ವಿದ್ಯುತ್ ತಂತಿ ಹೋಗಿದೆಯಾ, ಅದನ್ನೂ ನೋಡಿ.

ಕೃಷಿ ಜಮೀನಾದರೆ ಮನೆಗೆ ಬಳಸಲು ಬೇರೆ ಅನುಮತಿ ಬೇಕಾಗಬಹುದು. ಇದೇ ಜಾಗಕ್ಕೆ ಹಿಂದೆ ಯಾರಾದರೂ ಅರ್ಜಿ ಹಾಕಿದ್ದರಾ ಕೇಳಿ. ತಿರಸ್ಕಾರ ಆಗಿದ್ದರೆ ಆ ಕಾರಣ ಓದಿ, ನಿಮ್ಮ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.