ಮಕ್ಕಳಿಂದ ಕವಿತೆ ಬರೆಯಿಸುವುದು ಹೇಗೆ? ಒಂದು ಅಡಿಕೆ ಹಾಳೆಯಿಂದ ಆರಂಭಿಸಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ನಾಲ್ಕು, ಐದನೇ ತರಗತಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಭಾಷಾಪಾಠಗಳನ್ನು ನೋಡುವ ಅವಕಾಶ ನನಗೆ ಹಲವು ವರ್ಷ ಒದಗಿದೆ. ಪದ್ಯವನ್ನು ರಾಗವಾಗಿ ಹಾಡಿ, ಪದಗಳ ಅರ್ಥ ಹೇಳಿ, ಸಾರಾಂಶವನ್ನೂ ಬರೆಯಿಸಿದ ಅಧ್ಯಾಪಕರು, ಪೀರಿಯಡ್ ಮುಗಿಯಲು ಹತ್ತು ನಿಮಿಷ ಇದೆಯೆನ್ನುವಾಗ ಕರಿಹಲಗೆಯ ಮೇಲೆ ‘ಮಳೆಗಾಲ’ ಎಂದು ಬರೆದು, ‘ಇನ್ನು ಎಲ್ಲರೂ ಒಂದೊಂದು ಕವಿತೆ ಬರೆಯಿರಿ’ ಎನ್ನುತ್ತಾರೆ. ‘ಮಳೆ ಬಂತು ಮಳೆ, ತೊಳೆಯಿತು ಕೊಳೆ, ಬೆಳೆಯಿತು ಬೆಳೆ’ ಎಂಬ ಮೂರು ಸಾಲುಗಳು ಸ್ವಲ್ಪ ಹೆಚ್ಚು ಕಡಿಮೆಯಾಗಿ ಎಲ್ಲ ಪುಸ್ತಕಗಳಲ್ಲಿಯೂ ಬರುತ್ತವೆ. ಅದೇ ಬೆಳಿಗ್ಗೆ ಕೊಡೆಯ ಕಡ್ಡಿ ಮುರಿದು, ತೋಡಿನ ಸಂಕವನ್ನು ಅಕ್ಕನ ಕೈಹಿಡಿದು ದಾಟಿ, ಒದ್ದೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಮಗು ಅದರಲ್ಲಿ ಒಂದಕ್ಷರವನ್ನೂ ಬರೆದಿರುವುದಿಲ್ಲ.

ತಪ್ಪು ಮಗುವಿನದಲ್ಲ. ಓದಿಗೂ ಬರಹಕ್ಕೂ ನಡುವೆ ಒಂದು ಹಂತವಿದೆ. ಅವಸರದಲ್ಲಿ ಬಿಟ್ಟುಹೋಗುವುದು ಅದೇ. ಎರಡು ಪೀರಿಯಡ್‌ಗಳನ್ನು ಒಟ್ಟಿಗೆ ಪಡೆದುಕೊಳ್ಳಲು ಸಾಧ್ಯವಾದರೆ ಮಾತ್ರ ಈ ಚಟುವಟಿಕೆಯನ್ನು ಕೈಗೆತ್ತಿಕೊಳ್ಳಿ.

1. ಓದು

ಹನ್ನೆರಡು ಸಾಲು ಮೀರದ ಒಂದು ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ. ಮಕ್ಕಳು ಕೇಳುವವರೆಗೆ ಅರ್ಥ ಹೇಳಬೇಡಿ.

2. ಕೈಗೊಂದು ವಸ್ತು

ವಿಷಯ ಕೊಡಬೇಡಿ, ವಸ್ತು ಕೊಡಿ. ನಮ್ಮ ಕಡೆ ಇದಕ್ಕೆ ಅಡಿಕೆ ಹಾಳೆಗಿಂತ, ಅಂದರೆ ಅಡಿಕೆ ಮರದ ಸೋಗೆಯ (ಗರಿಯ) ಬುಡದಲ್ಲಿರುವ ಅಗಲವಾದ ಪೊರೆಗಿಂತ, ಒಳ್ಳೆಯದು ಬೇರೆ ಇಲ್ಲ. ತೋಟವಿಲ್ಲದ ಮನೆಯ ಮಗುವಿಗೂ ಅದರ ಪರಿಚಯವಿದೆ, ಕಾಸು ಖರ್ಚಿಲ್ಲ, ನಾಲ್ಕು ಮಕ್ಕಳ ಒಂದು ಗುಂಪಿಗೆ ಒಂದರಂತೆ ಬೇಕಾದಷ್ಟು ಸಿಗುತ್ತದೆ. ಹಿಂದಿನ ದಿನ ಬಿದ್ದದ್ದನ್ನು ಸೋಗೆಯ ಸಮೇತ ತರಿಸಿ. ಒಣಗಿ ಸುರುಟಿಕೊಂಡದ್ದಾದರೆ ಕಾಲು ಗಂಟೆ ನೀರಿನಲ್ಲಿ ನೆನೆಸಿದರೆ ಬಿಡಿಸಿಕೊಳ್ಳುತ್ತದೆ. ಗೋಡೆಗೆ ತೂಗುಹಾಕುವ ಅಚ್ಚಿನ ಚಿತ್ರಪಟಗಳನ್ನಾಗಲಿ, ಪರದೆಯ ಮೇಲೆ ತೋರಿಸುವ ಚಿತ್ರವನ್ನಾಗಲಿ ಇಲ್ಲಿ ಬಳಸಲೇಬಾರದು. ಚಿತ್ರಕ್ಕೆ ವಾಸನೆಯಿಲ್ಲ, ತೂಕವಿಲ್ಲ, ಅದರ ಅಂಚು ಬೆರಳನ್ನು ಗೀರುವುದಿಲ್ಲ. ಬಿಟ್ಟ ಸ್ಥಳ ತುಂಬಿ ಕವಿತೆ ಪೂರ್ಣಗೊಳಿಸುವ ಅಭ್ಯಾಸ ಹಾಳೆಗಳೂ ಈಗ ಅಂಗಡಿಗಳಲ್ಲಿ ಸಿಗುತ್ತವೆ. ಅವುಗಳಿಂದ ಮಕ್ಕಳು ಕಲಿಯುವುದು ಬೇರೆಯವರ ಕವಿತೆಯಲ್ಲಿ ಪದ ತುಂಬುವುದನ್ನು ಮಾತ್ರ, ದಯವಿಟ್ಟು ಕೊಳ್ಳಬೇಡಿ.

3. ಕೇಳುವುದು ಮತ್ತು ಕಾಯುವುದು

ಕೆಲಸ ಕೆಡುವುದು ಇಲ್ಲಿ. ಆದ್ದರಿಂದ ಇದಕ್ಕೆ ಇಪ್ಪತ್ತೈದು ನಿಮಿಷ ಬೇಕು. ಈ ಹೊತ್ತಿನಲ್ಲಿ ಯಾರೂ ಏನನ್ನೂ ಬರೆಯುವುದಿಲ್ಲ, ಪೆನ್ಸಿಲ್‌ಗಳು ಚೀಲದೊಳಗೇ ಇರಲಿ.

‘ಹಾಳೆ ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ. ‘ಹಾಳೆಯ ಉಪಯೋಗಗಳೇನು?’ ಎಂದು ಕೇಳಿದರೆ ತಟ್ಟೆ, ಬೀಸಣಿಗೆ, ತಲೆಗೆ ಹಾಕುವ ಮುಟ್ಟಾಳೆ ಎಂದು ಪಟ್ಟಿ ಹೊರಡುತ್ತದೆ, ಅಲ್ಲಿಂದ ಮುಂದಕ್ಕೆ ಪ್ರಬಂಧವೇ ಹೊರತು ಕವಿತೆಯಿಲ್ಲ. ಕಣ್ಣು, ಕಿವಿ, ಕೈಗಳು ಉತ್ತರಿಸಬಹುದಾದ ಸಣ್ಣ ಪ್ರಶ್ನೆಗಳನ್ನು ಕೇಳಬೇಕು. ಯಾವ ಬದಿ ನುಣುಪು? ಕಣ್ಣು ಮುಚ್ಚಿ ಮುಟ್ಟಿದರೆ ಏನನ್ನು ಮುಟ್ಟಿದ ಹಾಗಿದೆ? ಬೀಳುವಾಗ ಎಂತಹ ಶಬ್ದ? ಹಗಲು ಬಿದ್ದ ಶಬ್ದಕ್ಕೂ ರಾತ್ರಿ ಬಿದ್ದ ಶಬ್ದಕ್ಕೂ ವ್ಯತ್ಯಾಸ ಉಂಟೇ? ಮನೆಯಲ್ಲಿ ಅದನ್ನು ಮೊದಲು ಹೆಕ್ಕುವವರು ಯಾರು?

ಒಬ್ಬ ಹುಡುಗ ಒಳಬದಿಯನ್ನು ಬೆರಳಿನಿಂದ ಎರಡು ಸಲ ಸವರಿ, ‘ಟೀಚರೇ, ನಾಯಿಮರಿಯ ಹೊಟ್ಟೆಯ ಹಾಗೆ ಉಂಟು’ ಎಂದ. ಉಪಮೆ ಎಂಬ ಪದವನ್ನೇ ಕೇಳದ ಮಗು ಮಾಡಿದ ಉಪಮೆ ಅದು. ಇಂಥ ಮಾತು ಬಂದಾಗ ‘ಶಾಭಾಸ್’ ಎಂದು ಹೊಗಳಬೇಡಿ. ಹೊಗಳಿದರೆ ಉಳಿದವರೆಲ್ಲ ಬೆಕ್ಕಿನ ಹೊಟ್ಟೆ, ಮೊಲದ ಹೊಟ್ಟೆ ಎನ್ನಲು ತೊಡಗುತ್ತಾರೆ. ತಲೆಯಾಡಿಸಿ, ಮುಂದಿನ ಮಗುವಿನ ಕಡೆಗೆ ತಿರುಗಿ.

ಒಂದು ಉತ್ತರಕ್ಕೆ ನಿಲ್ಲಿಸದೆ ಅದೇ ಮಗುವಿನಲ್ಲಿ ಎರಡನೆಯ, ಮೂರನೆಯ ಪ್ರಶ್ನೆ ಕೇಳುವುದು ಇನ್ನೂ ಮುಖ್ಯ. ಐದನೇ ತರಗತಿಯ ಒಬ್ಬ ಹುಡುಗಿಯೊಡನೆ ನಡೆದ ಮಾತುಕತೆ ಹೀಗಿತ್ತು.

‘ರಾತ್ರಿ ಹಾಳೆ ಬಿದ್ದರೆ ಅಜ್ಜಿ ಎದ್ದು ಕೂತುಕೊಳ್ಳುತ್ತಾರೆ ಟೀಚರೇ.’

‘ಯಾಕೆ?’

‘ಯಾರೋ ಬಂದರು ಅಂತ.’

‘ಯಾರು ಬಂದರು ಅಂತ?’

ಹುಡುಗಿ ಸುಮ್ಮನಾದಳು. ಹೆಚ್ಚಿನವರು ಎಡವುವುದು ಇಂಥ ಮೌನದ ಎದುರಿನಲ್ಲಿ. ತರಗತಿ ನಿಂತುಹೋಯಿತೆಂಬ ಭಯದಿಂದ ‘ಕಳ್ಳ ಬಂದ ಅಂತಲಾ?’ ಎಂದು ತಾವೇ ಉತ್ತರ ಹೇಳಿಬಿಡುತ್ತಾರೆ, ಮಗು ‘ಹೌದು’ ಎಂದು ಕುಳಿತುಕೊಳ್ಳುತ್ತದೆ. ಹಾಗೆ ಮಾಡದೆ ಮನಸ್ಸಿನಲ್ಲಿ ಒಂದರಿಂದ ಹತ್ತರವರೆಗೆ ನಿಧಾನವಾಗಿ ಎಣಿಸಿ. ಅಂದು ಎಂಟಕ್ಕೆ ಉತ್ತರ ಬಂತು: ‘ಮಾವ ಬಂದರು ಅಂತ. ಮಾವ ಗಲ್ಫಿಗೆ ಹೋಗಿದ್ದಾರೆ.’ ಹತ್ತು ಎಣಿಸಿದ ಮೇಲೂ ಮಗು ಮಾತನಾಡದಿದ್ದರೆ ಒತ್ತಾಯಿಸದೆ ಮುಂದಕ್ಕೆ ಹೋಗಬೇಕು. ಹೇಳಲಾಗದ್ದನ್ನು ಅದು ಬರೆದರೂ ಬರೆದೀತು.

ಇದೇ ಹಂತದಲ್ಲಿ ನಮ್ಮ ಜಿಲ್ಲೆಗೆ ವಿಶೇಷವಾದ ಇನ್ನೊಂದು ಸಂಗತಿ ಎದುರಾಗುತ್ತದೆ. ಒಂದೇ ತರಗತಿಯಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಹವ್ಯಕ ಕನ್ನಡಗಳನ್ನು ಮನೆಮಾತಾಗಿ ಆಡುವ ಮಕ್ಕಳಿರುತ್ತಾರೆ. ಉತ್ಸಾಹದಲ್ಲಿ ಒಂದು ಮಗು ‘ಪಾಳೆ’ ಎಂದರೆ ‘ಅದು ಕನ್ನಡವಲ್ಲ, ಹಾಳೆ ಅನ್ನು’ ಎಂದು ತಿದ್ದುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ತಿದ್ದಿಸಿಕೊಂಡ ಮಗು ಆ ದಿನ ಮತ್ತೆ ಬಾಯಿ ತೆರೆಯುವುದಿಲ್ಲ. ಎರಡೂ ರೂಪಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ: ಪಾಳೆ, ಹಾಳೆ. ಕೆಳಗೆ ಅಡಿಕೆಯ ಹೂಗೊಂಚಲಿನ ಹೆಸರನ್ನು ಪಿಂಗಾರ, ಹಿಂಗಾರ ಎಂದು ಬರೆಯಿರಿ. ಅಷ್ಟಾದರೆ ಸಾಕು, ಮಲಯಾಳ ಬಲ್ಲ ಮಗು ‘ಪಾಲ್, ಹಾಲು’ ಎನ್ನುತ್ತದೆ, ತುಳು ಬಲ್ಲ ಮಗು ‘ಪಿಲಿ, ಹುಲಿ’ ಎನ್ನುತ್ತದೆ. ಹಳಗನ್ನಡದಲ್ಲಿಯೂ ಪಾಲ್, ಪುಲಿ ಎಂದೇ ಇದ್ದವು, ಕನ್ನಡದ ‘ಪ’ಕಾರ ಮುಂದೆ ‘ಹ’ಕಾರವಾಯಿತು ಎಂದು ಆಗ ಹೇಳಿದರೆ, ತನ್ನ ಮನೆಯ ಮಾತು ಕನ್ನಡಕ್ಕೆ ಹೊರಗಿನದಲ್ಲ ಎಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡ, ತುಳು ಎರಡರಲ್ಲಿಯೂ ಕವಿತೆ ಬರೆದವರೆಂಬುದನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ತಕ್ಕ ಸಂದರ್ಭವಿಲ್ಲ.

ಮಕ್ಕಳು ಹೇಳಿದ್ದರಲ್ಲಿ ಎಂಟೋ ಹತ್ತೋ ಮಾತುಗಳನ್ನು ಅವರು ಹೇಳಿದಂತೆಯೇ ಹಲಗೆಯ ಮೇಲೆ ಬರೆದು, ಒಮ್ಮೆ ಎಲ್ಲರಿಂದ ಓದಿಸಿ. ಆಮೇಲೆ ಹಲಗೆಯನ್ನು ಪೂರ್ತಿಯಾಗಿ ಒರೆಸಿಬಿಡಿ. ಒರೆಸಲು ಮನಸ್ಸು ಬರುವುದಿಲ್ಲ, ಆದರೂ ಒರೆಸಲೇಬೇಕು. ಒಂದು ವರ್ಷ ನಾನು ಒರೆಸದೆ ಬಿಟ್ಟೆ. ಅಂದು ಮೂವತ್ತೆರಡು ಪುಸ್ತಕಗಳಲ್ಲಿ ಇಪ್ಪತ್ತಾರರಲ್ಲಿ ನಾಯಿಮರಿಯ ಹೊಟ್ಟೆ ಇತ್ತು. ಆ ಮಾತು ಹೇಳಿದ ಹುಡುಗ, ತನ್ನದನ್ನು ಎಲ್ಲರೂ ತೆಗೆದುಕೊಂಡರೆಂದು, ತಾನು ಮಾತ್ರ ಅದನ್ನು ಬರೆಯದೆ ಬಿಟ್ಟಿದ್ದ.

4. ಬರೆಯುವುದು

ಹದಿನೈದು ನಿಮಿಷ, ಐದು ಸಾಲು, ಪೆನ್ಸಿಲ್. ತಲೆಬರಹ ಬೇಡ. ‘ಚಂದ’, ‘ಸುಂದರ’, ‘ತುಂಬಾ’ ಎಂಬ ಮೂರು ಪದಗಳನ್ನು ಅಂದಿನ ಮಟ್ಟಿಗೆ ನಿಷೇಧಿಸಿ. ಪ್ರಾಸ ಬೇಡವೆಂದು ಸ್ಪಷ್ಟವಾಗಿ ಹೇಳಿ, ಏಕೆಂದರೆ ಹೇಳದಿದ್ದರೆ ‘ಹಾಳೆ’ಗೆ ‘ಬಾಳೆ’ ಬಂದೇ ಬರುತ್ತದೆ, ಬಾಳೆ ಬಂದ ಮೇಲೆ ಅಜ್ಜಿಗೆ ಜಾಗವಿಲ್ಲ. ಪ್ರಾಸವಿಲ್ಲದ್ದು ಪದ್ಯವೇ ಅಲ್ಲವೆಂದು ಹೆತ್ತವರು ಆಕ್ಷೇಪಿಸಿದರೆ, ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ಪ್ರಾಸವನ್ನು ಬಿಟ್ಟು ಬರೆದರೆಂದು ತಿಳಿಸಿ. ಅವರು ಬಿಟ್ಟದ್ದು ಸಾಲಿನ ಎರಡನೆಯ ಅಕ್ಷರದ ಪ್ರಾಸ, ಮಕ್ಕಳು ಹಿಡಿದುಕೊಳ್ಳುವುದು ಸಾಲಿನ ಕೊನೆಯ ಪ್ರಾಸ. ಆದರೆ ಪ್ರಾಸಕ್ಕಾಗಿ ಹೇಳಬೇಕಾದ ಮಾತು ಬಾಗಬಾರದೆಂಬ ಕಾರಣ ಎರಡಕ್ಕೂ ಒಂದೇ.

ಶಾಲಾ ಕಲೋತ್ಸವದ ಕವಿತಾ ರಚನೆಗೆಂದು ಹಬ್ಬ, ಅಮ್ಮ, ಪರಿಸರ ಮುಂತಾಗಿ ನಾಲ್ಕೈದು ಕವಿತೆಗಳನ್ನು ಬಾಯಿಪಾಠ ಮಾಡಿಸಿ ಕಳುಹಿಸುವ ಕ್ರಮ ಕೆಲವೆಡೆ ಇದೆ. ಬಹುಮಾನ ಬಂದರೂ ಬಂದೀತು. ಆದರೆ ಬಾಯಿಪಾಠ ಮಾಡಿದ ಮಗು, ಕೊಟ್ಟ ವಿಷಯವನ್ನು ನೋಡುವ ಬದಲು ಅದಕ್ಕೆ ಹೊಂದುವ ಹಳೆಯ ಸಾಲನ್ನು ಹುಡುಕುತ್ತಾ ಕೂರುತ್ತದೆ. ಆ ಸಮಯದಲ್ಲಿ ಹುಣಸೆ ಬೀಜ, ಹಳೆ ಬೀಗ, ಹರಿದ ಚಪ್ಪಲಿಗಳನ್ನು ಕೈಗೆ ಕೊಟ್ಟು ವಾರಕ್ಕೊಂದು ಸಲ ಬರೆಯಿಸುವುದು ಎಷ್ಟೋ ಮೇಲು.

5. ಒಂದು ಸಾಲು ಹೊಡೆಯುವುದು

ಬರೆದದ್ದನ್ನು ಪ್ರತಿಯೊಬ್ಬರೂ ಎದ್ದು ನಿಂತು ಓದಲಿ. ನಂತರ ಪ್ರತಿಯೊಬ್ಬರೂ ತಮ್ಮ ಐದು ಸಾಲುಗಳಲ್ಲಿ ಒಂದನ್ನು ಹೊಡೆದುಹಾಕಲಿ. ಯಾವುದನ್ನು ಹೊಡೆಯಬೇಕೆಂದು ನೀವು ಹೇಳಬಾರದು. ‘ಯಾವ ಸಾಲು ತೆಗೆದರೂ ಉಳಿದದ್ದು ಅರ್ಥವಾಗುತ್ತದೆ?’ ಎಂದಷ್ಟೇ ಕೇಳಬೇಕು. ಆ ಹುಡುಗಿ ಬರೆದ ಐದು ಸಾಲುಗಳಲ್ಲಿ ಕೊನೆಯದು ‘ನನಗೆ ಬೇಸರವಾಯಿತು’ ಎಂದಿತ್ತು. ಅವಳು ಐದನ್ನೂ ತುಟಿಯಲ್ಲೇ ಓದಿಕೊಂಡು, ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿ, ಆ ಸಾಲಿನ ಮೇಲೆ ನೇರವಾಗಿ ಗೆರೆ ಎಳೆದಳು. ಉಳಿದದ್ದು ಇಷ್ಟು:

ರಾತ್ರಿ ಹಾಳೆ ಬಿತ್ತು, ಅಜ್ಜಿ ಚಿಲಕ ತೆಗೆದರು.
ಅಂಗಳದಲ್ಲಿ ಯಾರೂ ಇರಲಿಲ್ಲ.
ಬೆಳಿಗ್ಗೆ ನಾನು ಹಾಳೆಯ ಮೇಲೆ ಕೂತೆ.
ಎಳೆಯಲು ಮಾವ ಇಲ್ಲ.

ಕೆಂಪು ಶಾಯಿಯನ್ನು ಈ ಪುಸ್ತಕಗಳಿಗೆ ಮುಟ್ಟಿಸಬೇಡಿ. ಕಾಗುಣಿತ ತಪ್ಪಿದ ಸಾಲಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ. ಚುಕ್ಕೆಯಿರುವ ಸಾಲಿನಲ್ಲಿ ತಪ್ಪು ಎಲ್ಲಿದೆಯೆಂದು ಮಗು ಮರುದಿನ ತಾನೇ ಹುಡುಕಲಿ. ಮನೆಮಾತಿನ ಪದಕ್ಕೆ ಚುಕ್ಕೆ ಇಡಬಾರದು.

ಹಾಳೆಗಳನ್ನು ಎಸೆಯಬೇಡಿ, ಮುಂದಿನ ವಾರ ಕಥೆ ಬರೆಯಿಸಲು ಅವೇ ಬೇಕು. ಒಬ್ಬರು ಕೂತು, ಇನ್ನೊಬ್ಬರು ಸೋಗೆ ಹಿಡಿದು ಅಂಗಳದಲ್ಲಿ ಎಳೆಯಲಿ, ಹಾಳೆ ಹರಿಯುವವರೆಗೂ ಆಡಲಿ. ಕಥೆಯ ಮೊದಲ ವಾಕ್ಯ ಹಾಳೆ ಹರಿದ ಕ್ಷಣದಿಂದಲೇ ಆರಂಭವಾಗಬೇಕೆಂದು ಹೇಳಿ ಒಳಗೆ ಕರೆದುಕೊಂಡು ಬನ್ನಿ.