ಓಟನೋ ಹಾಡೋ, ನಾ ಹೆಂಗ ಆರಿಸ್ಕೊಂಡೆ

ಧಾರವಾಡದಾಗ ಹುಟ್ಟಿದವ್ರಿಗೆ ಹಾಡು ಕಲಿಯೋದು ದೊಡ್ಡ ಮಾತಲ್ಲ, ನಾನೂ ಒಂಬತ್ತನೇ ವಯಸ್ಸಿಂದ ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ ಗುರುಗಳ ಹತ್ರ ಹೋಗ್ತಿದ್ದೆ. ಹೈಸ್ಕೂಲಿಗೆ ಬಂದ ಮ್ಯಾಲ 800 ಮೀಟರ್ ಓಟದ ಹುಚ್ಚು ಹತ್ತಿತು. ಎರಡರಾಗೂ ಸಣ್ಣದಾಗಿ ಇರೋ ಆಸೆ ಇರ್ಲಿಲ್ಲ ನನಗ.

ತೊಂದ್ರಿ ಅಂದ್ರ ಎರಡಕ್ಕೂ ನಸುಕಿನ ಐದು ಗಂಟೇನ ಬೇಕು. ಓಡಿ ಬಂದು ಖರ್ಜದ ರಿಯಾಜಿಗೆ, ಅಂದ್ರ ಕೆಳಗಿನ ಸ್ವರಗಳ ಅಭ್ಯಾಸಕ್ಕ, ಕುಂತ್ರ ಗಂಟಲು ಒಣಗಿ ಕೆಳಗಿನ ಸಾ ಹತ್ತತಿರ್ಲಿಲ್ಲ, ಹಾಡಿ ಮುಗಿಸಿ ಗ್ರೌಂಡಿಗೆ ಹೋದ್ರ ಉಳಿದವ್ರ ಪ್ರಾಕ್ಟೀಸ್ ಅರ್ಧ ಮುಗದಿರ್ತಿತ್ತು. ಓಡಿದ್ರ ಉಸಿರು ಗಟ್ಟಿ ಆಗ್ತದ, ಹಾಡಿಗೂ ಚಲೋ ಅಂತ ಭಾಳ ಮಂದಿ ಅಂತಾರ, ಅದು ಅರ್ಧ ಅಷ್ಟ ಖರೆ. 800ರಾಗ ಬಾಯಿ ತಗದು ಸಿಕ್ಕಷ್ಟು ಗಾಳಿ ಎಳಕೊಂಡು ಲಗೂನ ಹೊರಗ ಹಾಕ್ಬೇಕು, ರಾಗ ನಿಧಾನಕ್ಕ ಬಿಡಿಸೋ ಆಲಾಪದಾಗ ಎಳಕೊಂಡಿದ್ದನ್ನ ಹೊಟ್ಟ್ಯಾಗ ತಡದು ಎಳಿ ಎಳಿಯಾಗಿ ಬಿಡ್ಬೇಕು. ನನ್ನ ಮೈ ಓಟದ ಉಸಿರು ಕಲ್ತುಬಿಟ್ಟಿತ್ತು, ಒಂದೊಂದು ಸ್ವರ ಹಚ್ಚೋಕಿಂತ ಮೊದಲು ಸುಯ್ ಅಂತ ಸಪ್ಪಳ ಬರೋದು, ಗುರುಗಳು ಕೈ ಎತ್ತಿ ನಿಲ್ಲಿಸ್ತಿದ್ರು.

ಹದಿನೆಂಟಕ್ಕ ಆರಿಸ್ಲೇಬೇಕಾತು. ಯಾವುದು ಹೆಚ್ಚು ಇಷ್ಟ ಅಂತ ಕೇಳ್ಕೊಂಡ್ರ ಉತ್ತರ ದಿನಾ ಬದಲಾಗ್ತಿತ್ತು, ಅದಕ್ಕ ವಯಸ್ಸಿನ ಲೆಕ್ಕ ಹಾಕಿದೆ. ಕೀನ್ಯಾದ 800 ಮೀಟರ್ ಓಟಗಾರ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸಿನ್ಯಾಗ 1 ನಿಮಿಷ 40.91 ಸೆಕೆಂಡಿಗೆ ಓಡಿ ವರ್ಲ್ಡ್ ರೆಕಾರ್ಡ್ ಮಾಡಿದಾಗ ಅವ್ನಿಗೆ 23. ನಮ್ಮ ಮಲ್ಲಿಕಾರ್ಜುನ ಮನ್ಸೂರರಿಗೆ ಪದ್ಮಶ್ರೀ ಬಂದಿದ್ದು 1970ರಾಗ, ಆಗ ಅವ್ರಿಗೆ 60ರ ಹತ್ರ, ಆಮ್ಯಾಲೂ ಇಪ್ಪತ್ತು ವರ್ಷ ಹಾಡಿದ್ರು. ಅಂಜಿಕೋತ ಗುರುಗಳಿಗೆ ಹೇಳಿದ್ರ, "ಓಡೂದಿದ್ರ ಈಗ ಓಡವಾ, ಸಾ ಎಲ್ಲಿ ಹೋಗ್ತದ" ಅಂದ್ರು.

ಎಂಟು ವರ್ಷ ಓಡಿದೆ, 2 ನಿಮಿಷ 21 ಸೆಕೆಂಡ್ ಇದ್ದದ್ದು 2:13ಕ್ಕ ಬಂತು. ಯುನಿವರ್ಸಿಟಿ ಫೈನಲ್ ಓಡಿದೆ, ಮೆಡಲ್ ಬರ್ಲಿಲ್ಲ, ಇಪ್ಪತ್ತಾರಕ್ಕ ಹ್ಯಾಮ್‌ಸ್ಟ್ರಿಂಗ್ ಮೂರನೇ ಸಲ ಹರದಾಗ ಬಿಟ್ಟೆ.

ವಾಪಸ್ ತಂಬೂರಿ ಮುಂದ ಕುಂತಾಗ ಸಾ ಇತ್ತು ಖರೆ, ತಾನ್, ಅಂದ್ರ ಸ್ವರಗಳ ಲಗೂ ಓಟ, ಹೋಗಿತ್ತು. ದ್ರುತ್ ಲಯದಾಗ, ಅಂದ್ರ ವೇಗದ ಲಯದಾಗ, ಗಂಟಲು ತಿರಗೋದಿಲ್ಲ ಇವತ್ತಿಗೂ, ಆ ಎಂಟು ವರ್ಷದಾಗ ಅದನ್ನ ಪಕ್ಕಾ ಮಾಡ್ಕೊಂಡ ಗೆಳತ್ಯಾರು ಈಗ ಕಛೇರಿ ಕೊಡ್ತಾರ, ಅವ್ರ ಹಾಡು ಕೇಳಿ ಅತ್ತೀನಿ ಒಂದೆರಡು ಸಲ. ಇದೇ ದಾರಿ ಹಿಡಿಯೋ ಹುಡುಗ್ಯಾರು ಇದನ್ನ ತಿಳಕೊಂಡ ಹಿಡೀರಿ, ಸಂಗೀತ ಕಾಯ್ತದ ಅನ್ನೋದರಾಗ ಎಲ್ಲಾ ಕಾಯೋದಿಲ್ಲ.

ಆದ್ರ ವಿಲಂಬಿತ್ ಏಕತಾಲದಾಗ, ಅಂದ್ರ ಹನ್ನೆರಡು ಮಾತ್ರೆಯ ನಿಧಾನ ತಾಳದಾಗ, ಒಂದು ಬ್ಯಾರೇ ಗೊತ್ತಾತು. ನಾವು ಹಾಡೋ ಲಯದಾಗ ಒಂದು ಆವರ್ತನಕ್ಕ, ಅಂದ್ರ ತಾಳದ ಒಂದು ಸುತ್ತಿಗೆ, ಸುಮಾರು ಒಂದು ನಿಮಿಷ ಹಿಡೀತದ, ಎರಡು ಲ್ಯಾಪಿನ 800ರಾಗ ನನ್ನ ಮೊದಲನೇ ಲ್ಯಾಪೂ ಹೆಚ್ಚೂ ಕಡಿಮಿ ಅಷ್ಟ. ಸಣ್ಣಾಕಿ ಇದ್ದಾಗ ಇದ್ದಬದ್ದ ಸ್ವರ ಎಲ್ಲಾ ಮೊದಲ ನಾಕು ಮಾತ್ರೆಗೇ ಸುರದು ಒಂಬತ್ತನೇ ಮಾತ್ರೆಗೆ ಖಾಲಿ ಆಗಿ ಸಮ್ ಮ್ಯಾಲ, ಅಂದ್ರ ಮುಂದಿನ ಸುತ್ತಿನ ಮೊದಲನೇ ಮಾತ್ರೆ ಮ್ಯಾಲ, ಬೀಳ್ತಿದ್ದೆ. ಈಗ ಒಂಬತ್ತು ಬಂದಾಗ 600 ಮೀಟರಿನ ತಿರುವು ನೆನಪಾಗ್ತದ, ಅಲ್ಲೀತನ ಇಟ್ಕೊಂಡಿದ್ದನ್ನ ಅಲ್ಲಿಂದ ಬಿಡ್ತೀನಿ. ಹೋದ ತಿಂಗಳು ಮಾರವಾ ರಾಗ ಹಾಡೋವಾಗ ಗುರುಗಳು ಪೂರಾ ಮೂರು ಆವರ್ತನ ಕೈ ಎತ್ತಲಿಲ್ಲ.